ಕಾಣದ ವಿಷದ ಲೆಕ್ಕ ಬರೆದಿಟ್ಟ ರೇಚಲ್ ಕಾರ್ಸನ್

ಎಣ್ಮಕಜೆ, ಪಡ್ರೆ, ಸ್ವರ್ಗ, ವಾಣಿನಗರ. ಈ ಹೆಸರುಗಳನ್ನು ಕೇಳಿದೊಡನೆ ಗಡಿನಾಡ ಕನ್ನಡಿಗರಾದ ನಮ್ಮ ಕಣ್ಣ ಮುಂದೆ ಗೇರುಗುಡ್ಡಗಳೂ ಅವುಗಳ ಮೇಲೆ ಸುತ್ತುತ್ತಿದ್ದ ಹೆಲಿಕಾಪ್ಟರೂ ಬಂದು ನಿಲ್ಲುತ್ತವೆ. ಎಂಡೋಸಲ್ಫಾನ್ ಎಂಬ ಪದವನ್ನು ಕಾಸರಗೋಡಿನ ಮಕ್ಕಳು ಪಠ್ಯಪುಸ್ತಕದಿಂದ ಕಲಿಯಬೇಕಾಗಲಿಲ್ಲ. ನೆರೆಮನೆಯ ಸಂಕಟವೇ ಅದನ್ನು ಕಲಿಸಿತು. ಗಾಳಿಯಲ್ಲಿ ಬಂದು ತೋಡಿಗೆ, ಸುರಂಗದ ನೀರಿಗೆ, ಮೈಗೆ ಇಳಿದ ಮದ್ದು ದೇಹದೊಳಗೆ ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ನಮ್ಮವರು ಎತ್ತುವುದಕ್ಕೆ ಎರಡು ದಶಕಗಳಷ್ಟು ಮೊದಲೇ ಅಮೆರಿಕದ ಒಬ್ಬ ಜೀವವಿಜ್ಞಾನಿ ಅದನ್ನು ಎತ್ತಿದ್ದರು. ಅವರೇ ರೇಚಲ್ ಕಾರ್ಸನ್.

ಪರಿಸರ ದಿನಾಚರಣೆಯ ಭಾಷಣಗಳಲ್ಲಿ ಕಾರ್ಸನ್ ಅವರ ಹೆಸರು ಬರುವುದುಂಟು. ಕೀಟನಾಶಕದಿಂದ ಸತ್ತ ಹಕ್ಕಿಗಳಿಗಾಗಿ ಮರುಗಿದವರು ಎಂದು ಅವರನ್ನು ಪರಿಚಯಿಸುವುದೇ ರೂಢಿ. ಅದು ನಿಜವೇ, ಆದರೆ ಅರ್ಧ ಮಾತ್ರ. ವಿಷವು ಕೊಲ್ಲದೆ ಬಿಟ್ಟ ದೇಹದಲ್ಲಿಯೂ ಏನನ್ನು ಕೆಡಿಸಿ ಹೋಗಿರುತ್ತದೆ, ಅಂಥ ದೇಹಕ್ಕೆ ಮುಂದೊಂದು ದಿನ ವೈರಸ್ ತಗುಲಿದರೆ ಏನಾದೀತು ಎಂಬುದನ್ನೂ ಅವರು ಯೋಚಿಸಿದ್ದರು. ಅವರ ಬಾಳಿನ ಈ ಎಳೆಯನ್ನು ಹಿಡಿದು ಇಂದು ನಾವು ಅವರ ಕತೆಯನ್ನು ಹೇಳಲಿದ್ದೇವೆ.

ನದಿಯ ದಡದ ಬಾಲ್ಯ

ರೇಚಲ್ ಹುಟ್ಟಿದ್ದು 1907ರ ಮೇ 27ರಂದು, ಪೆನ್ಸಿಲ್ವೇನಿಯಾ ರಾಜ್ಯದ ಸ್ಪ್ರಿಂಗ್‌ಡೇಲ್ ಎಂಬ ಚಿಕ್ಕ ಊರಿನಲ್ಲಿ. ಊರಿನ ಪಕ್ಕದಲ್ಲಿ ಅಲೆಗೆನಿ ನದಿ. ಮನೆಗೆ ಸೇರಿದ 65 ಎಕರೆ ನೆಲದಲ್ಲಿ ಹಣ್ಣಿನ ಮರಗಳು, ಹೊಲ, ಕಾಡು. ಹತ್ತಿರದ ಪಿಟ್ಸ್‌ಬರ್ಗ್ ನಗರವು ಉಕ್ಕಿಗೂ ಕಲ್ಲಿದ್ದಲ ಹೊಗೆಗೂ ಹೆಸರಾಗಿತ್ತು. ಹೀಗೆ ಕಾಡಿನ ಹಕ್ಕಿಯ ದನಿಯನ್ನೂ ಕಾರ್ಖಾನೆಯ ಹೊಗೆಯನ್ನೂ ಒಟ್ಟಿಗೆ ಕಂಡು ಬೆಳೆದ ಬಾಲ್ಯ ಅವರದು.

ತಾಯಿ ಮರಿಯಾ ಮದುವೆಗೆ ಮುನ್ನ ಶಾಲಾ ಶಿಕ್ಷಕಿಯಾಗಿದ್ದವರು. ಮೂವರು ಮಕ್ಕಳಲ್ಲಿ ಕಿರಿಯವರಾದ ರೇಚಲ್‌ರನ್ನು ಕೈಹಿಡಿದು ಕಾಡು, ತೊರೆಗಳ ನಡುವೆ ಸುತ್ತಾಡಿಸಿ, ಗಿಡ, ಹುಳು, ಹಕ್ಕಿಗಳ ಹೆಸರು ಹೇಳಿಕೊಟ್ಟವರು ಅವರೇ. ಓದಿನ ಹುಚ್ಚನ್ನು ಹಿಡಿಸಿದವರೂ ಅವರೇ. 1918ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮಕ್ಕಳ ಪತ್ರಿಕೆಯೊಂದರಲ್ಲಿ ರೇಚಲ್ ಬರೆದ ಕತೆ ಅಚ್ಚಾಯಿತು. ಲೇಖಕಿಯಾಗಬೇಕೆಂಬ ಆಸೆ ಅಂದೇ ಬೇರೂರಿತು.

ಮನೆಯಲ್ಲಿ ಹಣದ ಅನುಕೂಲ ಇರಲಿಲ್ಲ. ಮಗಳನ್ನು ಕಾಲೇಜಿಗೆ ಕಳುಹಿಸಲು ತಂದೆ ತಾಯಿ ಪಟ್ಟ ಪಾಡು ನಮ್ಮ ಊರುಗಳ ಎಷ್ಟೋ ಮನೆಗಳಿಗೆ ಹೊಸದಲ್ಲ. ಜಮೀನಿನ ತುಂಡುಗಳನ್ನು ಮಾರಲು ನೋಡಿದರು. ತಾಯಿ ಪಿಯಾನೋ ಪಾಠ ಹೇಳಿದರು, ಮನೆಯ ಪಿಂಗಾಣಿ ಪಾತ್ರೆಗಳನ್ನೂ ಮಾರಿದರು. ಹೀಗೆ 1925ರಲ್ಲಿ ರೇಚಲ್ ಪಿಟ್ಸ್‌ಬರ್ಗಿನ ಮಹಿಳಾ ಕಾಲೇಜನ್ನು ಸೇರಿದರು. ಮೊದಲು ಆರಿಸಿದ ವಿಷಯ ಇಂಗ್ಲಿಷ್ ಸಾಹಿತ್ಯ. ಅಲ್ಲಿ ಜೀವವಿಜ್ಞಾನ ಕಲಿಸುತ್ತಿದ್ದ ಮೇರಿ ಸ್ಕಾಟ್ ಸ್ಕಿಂಕರ್ ಎಂಬ ಅಧ್ಯಾಪಕಿಯ ಪಾಠ ಅವರ ದಾರಿಯನ್ನೇ ಬದಲಿಸಿತು. ಸಾಹಿತ್ಯವನ್ನು ಬಿಟ್ಟು ವಿಜ್ಞಾನಕ್ಕೆ ಹೋದೆನಲ್ಲಾ ಎಂದು ಅಂದು ಅವರಿಗೆ ಅನ್ನಿಸಿರಲೂಬಹುದು. ಆದರೆ ಮುಂದೆ ಎರಡೂ ಒಂದಾಗಿಯೇ ಅವರ ಕೈಹಿಡಿದವು.

ಕಡಲಿನ ಕಡೆಗೆ

ಕಡಲಿನ ಬಗ್ಗೆ ಬಾಲ್ಯದಿಂದಲೂ ಓದುತ್ತಲೇ ಇದ್ದ ರೇಚಲ್ ಕಡಲನ್ನು ಮೊದಲು ಕಂಡದ್ದು 1929ರಲ್ಲಿ, ಪದವಿ ಮುಗಿದ ಬಳಿಕ. ಮ್ಯಾಸಚೂಸೆಟ್ಸ್ ರಾಜ್ಯದ ವುಡ್ಸ್ ಹೋಲ್ ಎಂಬಲ್ಲಿನ ಕಡಲ ಜೀವವಿಜ್ಞಾನ ಪ್ರಯೋಗಾಲಯದಲ್ಲಿ ಅವರು ಆ ಬೇಸಿಗೆಯನ್ನು ಕಳೆದರು. ಅನಂತರ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಿಂದ 1932ರಲ್ಲಿ ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಮುಂದೆ ಡಾಕ್ಟರೇಟ್ ಮಾಡುವ ಹಂಬಲವಿತ್ತು, ಆದರೆ ಅದು ಆರ್ಥಿಕ ಮಹಾಕುಸಿತದ ಕಾಲ. 1935ರಲ್ಲಿ ತಂದೆ ತೀರಿಕೊಂಡರು. 1937ರಲ್ಲಿ ಅಕ್ಕನೂ ತೀರಿಕೊಂಡಾಗ ಆಕೆಯ ಇಬ್ಬರು ಹೆಣ್ಣುಮಕ್ಕಳನ್ನು ಸಾಕುವ ಹೊಣೆ ತಾಯಿ ಹಾಗೂ ರೇಚಲ್ ಅವರ ಪಾಲಿಗೆ ಬಂತು.

ಹೊಟ್ಟೆಪಾಡಿಗಾಗಿ ಅವರು ಸರಕಾರದ ಮೀನುಗಾರಿಕಾ ಇಲಾಖೆಗೆ ಕಡಲ ಜೀವಿಗಳ ಬಗ್ಗೆ ರೇಡಿಯೋ ಕಾರ್ಯಕ್ರಮಗಳನ್ನು ಬರೆದರು. 1936ರಲ್ಲಿ ಅದೇ ಇಲಾಖೆಯಲ್ಲಿ ಕಿರಿಯ ಜಲಜೀವವಿಜ್ಞಾನಿಯಾಗಿ ಕಾಯಂ ಆದರು. ಹಗಲು ಕಚೇರಿಯಲ್ಲಿ ವಿಜ್ಞಾನಿಗಳ ವರದಿಗಳನ್ನು ತಿದ್ದುವುದು, ರಾತ್ರಿ ಮನೆಯಲ್ಲಿ ತನ್ನ ಬರವಣಿಗೆ. ಹೀಗೆ ಹದಿನೈದು ವರ್ಷಗಳು ಕಳೆದವು. 1941ರಲ್ಲಿ ಬಂದ ಮೊದಲ ಪುಸ್ತಕದಲ್ಲಿ ಕಡಲ ಹಕ್ಕಿ, ಬಂಗುಡೆ ಮೀನು, ಹಾವುಮೀನುಗಳ ಬಾಳನ್ನು ಕತೆಯಾಗಿ ಬರೆದರು. ಪುಸ್ತಕ ಹೊರಬಂದ ಮರು ತಿಂಗಳೇ ಅಮೆರಿಕ ಯುದ್ಧಕ್ಕಿಳಿಯಿತು, ಓದುವವರೇ ಇಲ್ಲದಾದರು. ಹತ್ತು ವರ್ಷಗಳ ನಂತರ, 1951ರಲ್ಲಿ ಬಂದ 'ದಿ ಸೀ ಅರೌಂಡ್ ಅಸ್' ಮಾತ್ರ ಅವರನ್ನು ಮನೆಮಾತಾಗಿಸಿತು. ಅದು 86 ವಾರಗಳ ಕಾಲ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹೆಚ್ಚು ಮಾರಾಟದ ಪುಸ್ತಕಗಳ ಪಟ್ಟಿಯಲ್ಲಿತ್ತು. ಅಮೆರಿಕದ ರಾಷ್ಟ್ರೀಯ ಪುಸ್ತಕ ಪ್ರಶಸ್ತಿಯೂ ದೊರೆಯಿತು. 1952ರಲ್ಲಿ ಕಾರ್ಸನ್ ಸರಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಪೂರ್ಣಾವಧಿ ಲೇಖಕಿಯಾದರು. ಮೇನ್ ರಾಜ್ಯದ ಕಡಲ ಕರೆಯಲ್ಲಿ ಪುಟ್ಟದೊಂದು ಬೇಸಿಗೆ ಮನೆಯನ್ನೂ ಕಟ್ಟಿಸಿಕೊಂಡರು.

ಬದುಕು ಇಷ್ಟಕ್ಕೆ ನೆಮ್ಮದಿಯ ದಡ ಸೇರಿತು ಎನ್ನುವಾಗಲೇ, 1957ರಲ್ಲಿ, ತಾನು ಸಾಕಿದ್ದ ಅಕ್ಕನ ಮಗಳೊಬ್ಬಳು ತೀರಿಕೊಂಡಳು. ಆಕೆಯ ಐದು ವರ್ಷದ ಮಗ ರೋಜರನನ್ನು ಕಾರ್ಸನ್ ದತ್ತು ತೆಗೆದುಕೊಂಡರು. ಆಗ ಅವರಿಗೆ ಐವತ್ತು ವರ್ಷ. ಮನೆಯಲ್ಲಿ ತೀರ ವಯಸ್ಸಾದ ತಾಯಿ, ಎಳೆಯ ಹುಡುಗ.

ಬಿಳಿ ಪುಡಿಯ ಕಾಲ

ಅದು ಡಿ.ಡಿ.ಟಿ.ಯ ವೈಭವದ ಕಾಲವೂ ಹೌದು. ಈ ರಾಸಾಯನಿಕಕ್ಕೆ ಕೀಟಗಳನ್ನು ಕೊಲ್ಲುವ ಗುಣವಿದೆಯೆಂದು ಸ್ವಿಟ್ಜರ್ಲೆಂಡಿನ ಪೌಲ್ ಮುಲ್ಲರ್ 1939ರಲ್ಲಿ ಕಂಡುಹಿಡಿದಿದ್ದರು. ಎರಡನೆಯ ಮಹಾಯುದ್ಧದ ವೇಳೆ ಇಟಲಿಯ ನೇಪಲ್ಸ್ ನಗರದಲ್ಲಿ ಜನರ ಮೈಮೇಲೆ ಇದನ್ನು ಉದುರಿಸಿ, ಹೇನುಗಳಿಂದ ಹರಡುವ ಟೈಫಸ್ ಜ್ವರವನ್ನು ತಡೆದರು. ಮಲೇರಿಯದ ಸೊಳ್ಳೆಗಳ ವಿರುದ್ಧವೂ ಅದು ದೊಡ್ಡ ಅಸ್ತ್ರವಾಯಿತು. 1948ರಲ್ಲಿ ಮುಲ್ಲರ್‌ಗೆ ನೊಬೆಲ್ ಪ್ರಶಸ್ತಿ ಬಂತು. ಈ ಉಪಕಾರವನ್ನು ಕಾರ್ಸನ್ ಅಲ್ಲಗಳೆದವರಲ್ಲ ಎಂಬುದನ್ನು ನಾವು ನೆನಪಿಡಬೇಕು.

ಯುದ್ಧ ಮುಗಿದ ಮೇಲೆ ಆ ಪುಡಿ ಹೊಲ, ತೋಟ, ಕಾಡು, ಬೀದಿಗಳಿಗೆಲ್ಲ ಇಳಿಯಿತು. ವಿಮಾನಗಳು ಊರ ಮೇಲೆಯೇ ಹಾರಿ ಸಿಂಪಡಿಸಿದವು. ಇದರ ಪರಿಣಾಮವೇನೆಂದು ಬರೆಯುವೆನೆಂದು ಕಾರ್ಸನ್ 1945ರಲ್ಲೇ ಒಂದು ದೊಡ್ಡ ಮಾಸಪತ್ರಿಕೆಯನ್ನು ಕೇಳಿದ್ದರು, ಪತ್ರಿಕೆ ಒಪ್ಪಲಿಲ್ಲ. 1958ರ ಜನವರಿಯಲ್ಲಿ ಗೆಳತಿ ಓಲ್ಗಾ ಓವೆನ್ಸ್ ಹಕಿನ್ಸ್ ಅವರಿಂದ ಒಂದು ಕಾಗದ ಬಂತು. ಮ್ಯಾಸಚೂಸೆಟ್ಸ್ ರಾಜ್ಯದ ಡಕ್ಸ್‌ಬರಿಯಲ್ಲಿ ಅವರು ಕಾಪಾಡಿಕೊಂಡು ಬಂದಿದ್ದ ಹಕ್ಕಿಗಳ ತಾಣದ ಮೇಲೆ ಸೊಳ್ಳೆ ನಿವಾರಣೆಗೆಂದು ವಿಮಾನದಿಂದ ಮದ್ದು ಹೊಡೆದಿದ್ದರು; ಹಕ್ಕಿಗಳು ಅಂಗಳದಲ್ಲೇ ಸತ್ತು ಬಿದ್ದಿದ್ದವು. ಹದಿಮೂರು ವರ್ಷ ಮನಸ್ಸಿನಲ್ಲೇ ಉಳಿದಿದ್ದ ವಿಷಯವನ್ನು ಕಾರ್ಸನ್ ಕೊನೆಗೂ ಕೈಗೆತ್ತಿಕೊಂಡರು.

ನಾಲ್ಕು ವರ್ಷಗಳ ದುಡಿಮೆ

ಚಿಕ್ಕ ಪುಸ್ತಕವೆಂದು ತೊಡಗಿದ್ದು ನಾಲ್ಕು ವರ್ಷ ಹಿಡಿಯಿತು. ವೈದ್ಯರು, ಮೀನು ತಜ್ಞರು, ಪಕ್ಷಿ ತಜ್ಞರು, ಕೀಟ ತಜ್ಞರಿಗೆ ಕಾಗದ ಬರೆದು, ನೂರಾರು ಪ್ರಬಂಧಗಳನ್ನು ಓದಿ, ಒಂದೊಂದು ಮಾತಿಗೂ ಆಧಾರ ಹುಡುಕಿದರು. 1958ರ ಡಿಸೆಂಬರಿನಲ್ಲಿ ತಾಯಿ ತೀರಿಕೊಂಡರು. 1960ರ ಜನವರಿಯಲ್ಲಿ ಕಾಯಿಲೆ ಬಿದ್ದು ವಾರಗಟ್ಟಲೆ ಹಾಸಿಗೆ ಹಿಡಿದರು. ಅದರಿಂದ ಏಳುವಷ್ಟರಲ್ಲಿ ಸ್ತನದಲ್ಲಿ ಗಂಟು ಕಾಣಿಸಿತು, ಶಸ್ತ್ರಚಿಕಿತ್ಸೆಯಾಯಿತು. ಅದು ಕ್ಯಾನ್ಸರ್ ಎಂಬ ಸತ್ಯವನ್ನು ಅಂದಿನ ವೈದ್ಯರು ನೇರವಾಗಿ ಹೇಳಲಿಲ್ಲ. ಆ ವರ್ಷದ ಕೊನೆಗೆ ಬೇರೊಬ್ಬ ವೈದ್ಯರ ಬಳಿ ಹೋದಾಗಲೇ ನಿಜ ತಿಳಿದದ್ದು. ಆ ಹೊತ್ತಿಗೆ ಅದು ಹರಡಿತ್ತು.

ಈ ಸುದ್ದಿಯನ್ನು ಕಾರ್ಸನ್ ಆಪ್ತರ ಹೊರತು ಯಾರಿಗೂ ತಿಳಿಸಲಿಲ್ಲ. ಕಾಯಿಲೆಯ ಸಿಟ್ಟಿನಿಂದ ರಾಸಾಯನಿಕಗಳನ್ನು ದೂರುತ್ತಿದ್ದಾರೆ ಎಂಬ ಮಾತು ಹುಟ್ಟಬಾರದೆಂಬುದು ಅವರ ಎಚ್ಚರ. ತನ್ನ ಕ್ಯಾನ್ಸರಿಗೆ ಕೀಟನಾಶಕವೇ ಕಾರಣವೆಂದು ಅವರು ಎಲ್ಲೂ ಹೇಳಲಿಲ್ಲ. ನಾವೂ ಹಾಗೆ ಹೇಳಲು ಆಧಾರವಿಲ್ಲ. ವಿಕಿರಣ ಚಿಕಿತ್ಸೆಯ ದಣಿವಿನ ನಡುವೆ, ರೋಜರನ ಶಾಲೆ, ಊಟ, ಜ್ವರಗಳ ನಡುವೆ ಪುಸ್ತಕ ಮುಗಿಯಿತು. 1962ರ ಜೂನಿನಲ್ಲಿ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಕಂತುಗಳಾಗಿ, ಸೆಪ್ಟೆಂಬರ್ 27ರಂದು ಪುಸ್ತಕವಾಗಿ ಹೊರಬಂತು. ಅದೇ 'ಸೈಲೆಂಟ್ ಸ್ಪ್ರಿಂಗ್', ಅಂದರೆ ಮೌನ ವಸಂತ.

ಹಕ್ಕಿಯಿಂದ ಯಕೃತ್ತಿನವರೆಗೆ

ಪುಸ್ತಕದಲ್ಲಿ ಎಲ್ಲರೂ ನೆನೆಯುವ ಭಾಗಗಳಿವೆ. ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್ ಸರೋವರಕ್ಕೆ ನೊಣಗಳ ಕಾಟಕ್ಕೆಂದು ಡಿ.ಡಿ.ಟಿ.ಯ ಸಂಬಂಧಿಯಾದ ಡಿ.ಡಿ.ಡಿ. ಎಂಬ ಮದ್ದನ್ನು ತೀರ ಅಲ್ಪ ಪ್ರಮಾಣದಲ್ಲಿ ಬೆರೆಸಿದ್ದರು. ನೀರಿನ ತೇಲುಜೀವಿಗಳಲ್ಲಿ ಅದು ಹತ್ತು ಲಕ್ಷಕ್ಕೆ 5 ಪಾಲಿನಷ್ಟಾಗಿ, ಮೀನುಗಳಲ್ಲಿ ಇನ್ನೂ ಹೆಚ್ಚಿ, ಆ ಮೀನು ತಿಂದ ಗುಳುಮುಳುಕ ಹಕ್ಕಿಗಳ ಕೊಬ್ಬಿನಲ್ಲಿ 1,600 ಪಾಲಿಗೆ ಏರಿತ್ತು. ಮಿಶಿಗನ್‌ನಲ್ಲಿ ಎಲ್ಮ್ ಮರಗಳಿಗೆ ಹೊಡೆದ ಮದ್ದು ಉದುರಿದ ಎಲೆಯಿಂದ ಎರೆಹುಳುವಿಗೆ, ಎರೆಹುಳುವಿನಿಂದ ರಾಬಿನ್ ಹಕ್ಕಿಗೆ ದಾಟಿತ್ತು. ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತದಲ್ಲಿ ಮರದ ಚಿಗುರು ತಿನ್ನುವ ಹುಳುಗಳಿಗೆಂದು 1954ರಲ್ಲಿ ಕಾಡಿನ ಮೇಲೆ ಡಿ.ಡಿ.ಟಿ. ಹೊಡೆದಾಗ ಮಿರಾಮಿಶಿ ನದಿಯ ಸಾಲ್ಮನ್ ಮರಿಗಳು ಸತ್ತಿದ್ದವು. ಈ ಕೆನಡಾದ ಕಾಡು ನಮ್ಮ ಕತೆಯಲ್ಲಿ ಮತ್ತೊಮ್ಮೆ ಬರಲಿದೆ.

ಹೀಗೆ ಜೀವದಿಂದ ಜೀವಕ್ಕೆ ದಾಟುವ ವಿಷ ಮನುಷ್ಯನ ಬಳಿ ಬಂದು ನಿಲ್ಲಲಾರದು ಎಂಬುದು ಕಾರ್ಸನ್ ಅವರ ಮುಂದಿನ ಹೆಜ್ಜೆ. ಪುಸ್ತಕದ ಉತ್ತರಾರ್ಧದಲ್ಲಿ ಅವರು ನಮ್ಮ ದೇಹದೊಳಕ್ಕೆ ಇಳಿಯುತ್ತಾರೆ. ಡಿ.ಡಿ.ಟಿ.ಯಂಥ ಕ್ಲೋರಿನ್‌ಯುಕ್ತ ವಿಷಗಳು ನೀರಿನಲ್ಲಿ ಕರಗವು, ಕೊಬ್ಬಿನಲ್ಲಿ ಕರಗುತ್ತವೆ. ಆದ್ದರಿಂದ ಅವು ಮೂತ್ರದಲ್ಲಿ ಬೇಗ ಹೊರಹೋಗದೆ ಮೈಕೊಬ್ಬಿನಲ್ಲಿ ಕೂಡುತ್ತ ಹೋಗುತ್ತವೆ. ಕಾಯಿಲೆ ಬಿದ್ದು ಊಟ ಸೇರದಿದ್ದಾಗ ದೇಹ ಆ ಕೊಬ್ಬನ್ನೇ ಉರಿಸಿಕೊಳ್ಳುತ್ತದೆ. ಅಡಗಿದ್ದ ವಿಷ ಆಗ ರಕ್ತಕ್ಕೆ ಮರಳುತ್ತದೆ. ದೇಹ ಸೋತಿರುವ ಹೊತ್ತಿನಲ್ಲೇ ಹಳೆಯ ಸಾಲ ವಸೂಲಿಗೆ ಬಂದಂತೆ.

ಯಕೃತ್ತಿನ ಬಗ್ಗೆ ಅವರು ವಿಶೇಷವಾಗಿ ಬರೆದರು. ಉಂಡ ಅನ್ನದ ಸಕ್ಕರೆಯನ್ನು ಕೂಡಿಟ್ಟು ಬೇಕಾದಾಗ ಕೊಡುವುದು, ಕೊಬ್ಬನ್ನು ಹದಗೊಳಿಸುವುದು, ಹಾರ್ಮೋನುಗಳನ್ನು ಅಳತೆಯಲ್ಲಿಡುವುದು, ಒಳಬಂದ ವಿಷವನ್ನು ನಿರ್ವಿಷಗೊಳಿಸುವುದು, ಇವೆಲ್ಲವೂ ಯಕೃತ್ತಿನ ಕೆಲಸ. ಇದರ ಜೊತೆಗೆ ನಮ್ಮ ಬಹುತೇಕ ಜೀವಕೋಶಗಳಲ್ಲಿ ಮೈಟೋಕಾಂಡ್ರಿಯ ಎಂಬ ಪುಟ್ಟ ಒಲೆಗಳಿವೆ. ಅನ್ನ ಶಕ್ತಿಯಾಗುವುದು ಅಲ್ಲಿ. ಇದನ್ನೆಲ್ಲ ಒಟ್ಟು ಸೇರಿಸಿ ನಮ್ಮ ಪಠ್ಯಗಳು ಚಯಾಪಚಯ ಎನ್ನುತ್ತವೆ. ಕೆಲವು ಕೀಟನಾಶಕಗಳು ಈ ಒಲೆಯನ್ನೇ ಕೆಡಿಸುತ್ತವೆ, ಕ್ಲೋರಿನ್‌ಯುಕ್ತ ವಿಷಗಳು ಯಕೃತ್ತಿಗೆ ಹಾನಿ ಮಾಡುತ್ತವೆ ಎಂಬುದಕ್ಕೆ ಅಂದಿನ ಪ್ರಯೋಗಗಳ ಆಧಾರವನ್ನು ಅವರು ಮುಂದಿಟ್ಟರು.

ಅಲ್ಲಿಂದ ಅವರು ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. 1950ರ ದಶಕದಿಂದ ಅಮೆರಿಕದಲ್ಲಿ ಕಾಮಾಲೆ ತರುವ ಹೆಪಟೈಟಿಸ್ ರೋಗ ಏರುತ್ತಿತ್ತು. ಅದು ಸೋಂಕಿನ ರೋಗ. ಆದರೂ ವಿಷದಿಂದ ಮೊದಲೇ ಬಳಲಿದ ಯಕೃತ್ತು ಸೋಂಕನ್ನು ಎದುರಿಸಲು ಅಶಕ್ತವಾಗಿರಲಾರದೆ ಎಂಬುದು ಅವರ ಪ್ರಶ್ನೆ. ಪ್ರಾಣಿಗಳಲ್ಲಿ ತೋರಿಸಿದಂತೆ ಮನುಷ್ಯರಲ್ಲಿ ಕಾರಣವನ್ನು ಸಾಧಿಸಿ ತೋರಿಸುವುದು ಕಷ್ಟವೆಂದು ಒಪ್ಪಿಕೊಂಡೇ, ಇವೆರಡರ ನಂಟು ಆಕಸ್ಮಿಕವಲ್ಲವೆಂದು ಸಾಮಾನ್ಯ ಬುದ್ಧಿ ಹೇಳುತ್ತದೆ ಎಂಬ ನಿಲುವನ್ನು ಅವರು ತಾಳಿದರು. ಹೆಪಟೈಟಿಸ್ ತರುವ ವೈರಸ್ಸುಗಳನ್ನು ವಿಜ್ಞಾನಿಗಳು ಇನ್ನೂ ಬೇರ್ಪಡಿಸಿರದಿದ್ದ ಕಾಲವದು. ಅಂದಿನ ಕಾಮಾಲೆಯ ಏರಿಕೆಗೆ ಕೀಟನಾಶಕ ಕಾರಣವೆಂಬುದು ಮುಂದೆಯೂ ಸಿದ್ಧವಾಗಲಿಲ್ಲ. ಕೊಳೆ ಸೇರಿದ ನೀರು, ಆಹಾರ ಹಾಗೂ ಸೋಂಕಿತ ರಕ್ತ ಆ ರೋಗದ ದಾರಿಗಳೆಂಬುದು ಖಚಿತವಾಯಿತು. ಆದರೆ ಅವರು ಎತ್ತಿದ ಪ್ರಶ್ನೆ ಮಾತ್ರ ಸಾಯಲಿಲ್ಲ.

ಎದುರು ನಿಂತವರು

ಪುಸ್ತಕ ಹೊರಬರುವ ಮೊದಲೇ ರಾಸಾಯನಿಕ ಉದ್ಯಮ ಅದರ ಮೇಲೆ ಎರಗಿತು. ಮೊಕದ್ದಮೆಯ ಬೆದರಿಕೆ ಬಂತು. ಡಾಕ್ಟರೇಟ್ ಇಲ್ಲದವರೆಂದು, ಮದುವೆಯಾಗದ ಹೆಂಗಸೆಂದು, ಭಾವುಕರೆಂದು ಹೀಗಳೆದರು. ಅವರ ಮಾತು ಕೇಳಿದರೆ ಲೋಕ ಹುಳಗಳ ಪಾಲಾಗುತ್ತದೆಂದು ಹೆದರಿಸಿದರು. ಕಾರ್ಸನ್ ರಾಸಾಯನಿಕಗಳನ್ನು ಪೂರ್ತಿ ನಿಲ್ಲಿಸಿ ಎಂದಿರಲಿಲ್ಲ. ಪರಿಣಾಮ ತಿಳಿಯದೆ, ಜನರಿಗೆ ತಿಳಿಸದೆ, ಎಲ್ಲೆಂದರಲ್ಲಿ ಸುರಿಯಬೇಡಿ ಎಂಬುದಷ್ಟೇ ಅವರ ವಾದ. ಕಂಡಕಂಡಲ್ಲಿ ಹೊಡೆದರೆ ಸೊಳ್ಳೆಗಳೇ ಮದ್ದಿಗೆ ಒಗ್ಗಿಹೋಗಿ ರೋಗ ತಡೆಗಟ್ಟುವ ಅಸ್ತ್ರವೂ ಮೊಂಡಾಗುತ್ತದೆ ಎಂದೂ ಅವರು ಎಚ್ಚರಿಸಿದ್ದರು.

1963ರ ಏಪ್ರಿಲ್ 3ರಂದು ದೂರದರ್ಶನದ ಕಾರ್ಯಕ್ರಮವೊಂದರಲ್ಲಿ ಅಮೆರಿಕದ ಜನ ಅವರನ್ನು ಕಂಡರು. ಮೆಲುದನಿಯ, ಶಾಂತ ಸ್ವಭಾವದ, ಅಳೆದು ಮಾತಾಡುವ ಮಹಿಳೆ. ಮೇ 15ರಂದು ಅಧ್ಯಕ್ಷ ಕೆನೆಡಿಯವರ ವಿಜ್ಞಾನ ಸಲಹಾ ಸಮಿತಿಯ ವರದಿ ಬಂತು. ಅದು ಬಹುಮಟ್ಟಿಗೆ ಕಾರ್ಸನ್ ಅವರ ನಿಲುವನ್ನು ಎತ್ತಿ ಹಿಡಿಯಿತು. ಜೂನ್ 4ರಂದು ಅವರು ಸೆನೆಟ್ ಉಪಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ತನ್ನ ಮನೆಯ ಮೇಲೆ ಬೇರೆಯವರು ವಿಷ ಸುರಿಯದಂತೆ ಕಾಪಾಡಿಕೊಳ್ಳುವುದು ಪ್ರತಿಯೊಬ್ಬನ ಹಕ್ಕೆಂಬ ಮಾತನ್ನು ಅಲ್ಲಿ ಅವರು ಮಂಡಿಸಿದರು. ಕ್ಯಾನ್ಸರ್ ಆ ಹೊತ್ತಿಗೆ ಮೂಳೆಗಳನ್ನು ಸೇರಿತ್ತು. ಎದುರಿಗೆ ಕುಳಿತವರಿಗೆ ಅದು ಗೊತ್ತಿರಲಿಲ್ಲ.

ಕೊನೆಯ ಚಳಿಗಾಲ

1964ರ ಜನವರಿಯಲ್ಲಿ ಕಾರ್ಸನ್ ಅವರಿಗೆ ಉಸಿರಾಟದ ವೈರಸ್ ಸೋಂಕು ತಗುಲಿತು. ಆರೋಗ್ಯವಂತರಿಗೆ ಒಂದೆರಡು ವಾರದ ಶೀತಜ್ವರವಾಗಿ ಮುಗಿಯಬಹುದಾದದ್ದು ಕ್ಯಾನ್ಸರಿನಿಂದಲೂ ಚಿಕಿತ್ಸೆಯಿಂದಲೂ ಬಡವಾದ ದೇಹವನ್ನು ಹಾಸಿಗೆಗೆ ಕೆಡವಿತು. ವಿಕಿರಣ ಚಿಕಿತ್ಸೆಯಿಂದ ತೀವ್ರ ರಕ್ತಹೀನತೆ ಉಂಟಾಗಿರುವುದು ಫೆಬ್ರವರಿಯಲ್ಲಿ ತಿಳಿಯಿತು. ಮಾರ್ಚಿನಲ್ಲಿ ವೈದ್ಯರು ಕ್ಯಾನ್ಸರ್ ಯಕೃತ್ತನ್ನೂ ತಲುಪಿದ್ದನ್ನು ಕಂಡರು. ಯಾವ ಅಂಗದ ಬಗ್ಗೆ ಅಷ್ಟು ಕಾಳಜಿಯಿಂದ ಬರೆದಿದ್ದರೋ ಅದೇ ಅಂಗ ಕೊನೆಗೆ ಸೋತಿತು. ಏಪ್ರಿಲ್ 14ರಂದು, ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗ್‌ನ ಮನೆಯಲ್ಲಿ ಹೃದಯಾಘಾತದಿಂದ ಅವರು ತೀರಿಕೊಂಡರು. ವಯಸ್ಸು 56. ಹುಡುಗ ರೋಜರ್ ಎರಡನೆಯ ಬಾರಿ ತಾಯಿಯನ್ನು ಕಳೆದುಕೊಂಡ.

ಅಮೆರಿಕದಲ್ಲಿ 1970ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಸ್ಥಾಪನೆಯಾಯಿತು. 1972ರಲ್ಲಿ ಅಲ್ಲಿ ಡಿ.ಡಿ.ಟಿ.ಯ ಕೃಷಿ ಬಳಕೆಗೆ ನಿಷೇಧ ಬಂತು. 1980ರಲ್ಲಿ, ಮರಣಾನಂತರ, ದೇಶದ ಅತ್ಯುನ್ನತ ನಾಗರಿಕ ಗೌರವವನ್ನು ಕಾರ್ಸನ್ ಅವರಿಗೆ ನೀಡಲಾಯಿತು.

ಪ್ರಶ್ನೆಗೆ ಬಂದ ಉತ್ತರಗಳು

ವಿಷ ತಾಕಿದ ದೇಹ ವೈರಸ್ಸಿಗೆ ಬೇಗ ಸೋಲುತ್ತದೆಯೇ? ಕಾರ್ಸನ್ ತೀರಿಕೊಂಡ ಆರು ವರ್ಷಗಳ ಬಳಿಕ, 1970ರಲ್ಲಿ, ಮಿಲ್ಟನ್ ಫ್ರೆಂಡ್ ಹಾಗೂ ಡೇನಿಯಲ್ ಟ್ರೇನರ್ ಎಂಬ ಅಮೆರಿಕದ ವಿಜ್ಞಾನಿಗಳು ಇದಕ್ಕೊಂದು ಸ್ಪಷ್ಟ ಉತ್ತರ ಕಂಡರು. ವಿದ್ಯುತ್ ಟ್ರಾನ್ಸ್‌ಫಾರ್ಮರುಗಳಲ್ಲಿ ಬಳಸುತ್ತಿದ್ದ ಪಿ.ಸಿ.ಬಿ. ಎಂಬ ಕ್ಲೋರಿನ್‌ಯುಕ್ತ ವಸ್ತುವನ್ನು ಬಾತುಮರಿಗಳಿಗೆ ಹತ್ತು ದಿನ ಆಹಾರದಲ್ಲಿ ಕೊಟ್ಟರು. ಮರಿಗಳು ಮೇಲ್ನೋಟಕ್ಕೆ ಗೆಲುವಾಗಿಯೇ ಇದ್ದವು. ಐದು ದಿನಗಳ ನಂತರ ಬಾತುಗಳಿಗೆ ಬರುವ ಹೆಪಟೈಟಿಸ್ ವೈರಸ್ಸನ್ನು ಸೋಂಕಿಸಿದಾಗ, ಪಿ.ಸಿ.ಬಿ. ತಿಂದಿದ್ದ ಮರಿಗಳು ತಿನ್ನದವುಗಳಿಗಿಂತ ಗಣನೀಯವಾಗಿ ಹೆಚ್ಚು ಸಂಖ್ಯೆಯಲ್ಲಿ ಸತ್ತವು. ವಿಷ ತಾನಾಗಿ ಕೊಲ್ಲಲಿಲ್ಲ. ವೈರಸ್ಸಿಗೆ ಬಾಗಿಲು ತೆರೆದಿತ್ತು.

ಎರಡನೆಯ ಉತ್ತರ ಬಂದದ್ದು ಕೆನಡಾದಿಂದ. ನ್ಯೂ ಬ್ರನ್ಸ್‌ವಿಕ್‌ನ ಕಾಡುಗಳ ಮೇಲೆ ಸಿಂಪಡಣೆ ಮುಂದುವರಿದೇ ಇತ್ತು. ಮದ್ದು ಮಾತ್ರ ಬದಲಾಗಿತ್ತು. ಜ್ವರ, ಸೀತಾಳೆ ಸಿಡುಬಿನಂಥ ವೈರಸ್ ಕಾಯಿಲೆಯ ಬೆನ್ನಿಗೆ ಕೆಲವು ಮಕ್ಕಳಲ್ಲಿ ಯಕೃತ್ತಿನ ತುಂಬ ಕೊಬ್ಬು ಸೇರಿ, ಮಿದುಳು ಊದಿಕೊಳ್ಳುವ ರೈ ಸಿಂಡ್ರೋಮ್ ಎಂಬ ಭೀಕರ ಸ್ಥಿತಿ ಕಂಡುಬರುತ್ತಿತ್ತು. ಹ್ಯಾಲಿಫ್ಯಾಕ್ಸ್‌ನ ಮಕ್ಕಳ ವೈದ್ಯ ಜಾನ್ ಕ್ರಾಕರ್ ಹಾಗೂ ಸಂಗಡಿಗರು ಎಳೆಯ ಇಲಿಮರಿಗಳಿಗೆ ಮೊದಲು ಸಿಂಪಡಣೆಯ ರಾಸಾಯನಿಕವನ್ನು, ಬಳಿಕ ವೈರಸ್ಸನ್ನು ತಾಕಿಸಿ ನೋಡಿದರು. ಎರಡೂ ಸೇರಿದಾಗ ಸಾವುಗಳು ಹೆಚ್ಚಿದವು, ಯಕೃತ್ತಿನಲ್ಲಿ ಕೊಬ್ಬು ತುಂಬಿತು. 1974ರಲ್ಲಿ ಇದನ್ನು ಪ್ರಕಟಿಸಿದ ಅವರು 1976ರಲ್ಲಿ ಇನ್ನೊಂದು ಅಚ್ಚರಿ ತಿಳಿಸಿದರು. ಕೀಟನಾಶಕವನ್ನು ನೀರಿನಲ್ಲಿ ಬೆರೆಯುವಂತೆ ಮಾಡಲು ಸೇರಿಸುವ, ನಿರಪಾಯವೆಂದು ಬಗೆದ ದ್ರವ್ಯಗಳೇ ಈ ಕೇಡನ್ನು ಮಾಡಬಲ್ಲವು! ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ಹೆಸರನ್ನಷ್ಟೇ ನೋಡಿದರೆ ಸಾಲದು ಎಂಬ ಪಾಠ ಇದರಲ್ಲಿದೆ. ಮನುಷ್ಯರ ಮಟ್ಟಿಗೆ ಮಾತ್ರ, ವೈರಸ್ ಜ್ವರದಲ್ಲಿ ಮಕ್ಕಳಿಗೆ ಆಸ್ಪಿರಿನ್ ಕೊಡುವುದಕ್ಕೂ ರೈ ಸಿಂಡ್ರೋಮಿಗೂ ಬಲವಾದ ನಂಟಿರುವುದು 1980ರ ಹೊತ್ತಿಗೆ ಗೊತ್ತಾಯಿತು. ಆಸ್ಪಿರಿನ್ ಬಿಟ್ಟ ಮೇಲೆ ಆ ಕಾಯಿಲೆ ತೀರ ಅಪರೂಪವಾಯಿತು. ಸಿಂಪಡಣೆಯ ಪಾತ್ರ ಮಕ್ಕಳಲ್ಲಿ ಸಿದ್ಧವಾಗಲಿಲ್ಲ. ಇದನ್ನೂ ನಾವು ಮುಚ್ಚಿಡದೆ ಹೇಳಬೇಕು.

ಮೂರನೆಯ ಉತ್ತರ ಕಾರ್ಸನ್ ಪ್ರೀತಿಸಿದ ಕಡಲಿನಿಂದಲೇ ಬಂತು. 1988ರಲ್ಲಿ ಯೂರೋಪಿನ ಉತ್ತರ ಸಮುದ್ರ ಹಾಗೂ ಸುತ್ತಲ ಕಡಲುಗಳಲ್ಲಿ ಸುಮಾರು 18,000 ಸೀಲ್ ಪ್ರಾಣಿಗಳು ಸತ್ತವು. ಕೊಂದದ್ದು ದಡಾರದ ವೈರಸ್ಸಿಗೆ ಸಂಬಂಧಿಯಾದ ಒಂದು ವೈರಸ್. ಕಡಲಿನ ಮಾಲಿನ್ಯವೂ ಇದರಲ್ಲಿ ಪಾಲುದಾರನೇ ಎಂದು ತಿಳಿಯಲು ನೆದರ್‌ಲ್ಯಾಂಡಿನ ವಿಜ್ಞಾನಿಗಳು 22 ಸೀಲ್‌ಗಳನ್ನು ಎರಡು ಗುಂಪು ಮಾಡಿ ಎರಡು ವರ್ಷಕ್ಕೂ ಹೆಚ್ಚು ಕಾಲ ಸಾಕಿದರು. ಒಂದು ಗುಂಪಿಗೆ ಮಲಿನವಾದ ಬಾಲ್ಟಿಕ್ ಕಡಲಿನ ಹೆರಿಂಗ್ ಮೀನು. ಇನ್ನೊಂದಕ್ಕೆ ಅಟ್ಲಾಂಟಿಕ್‌ನ ಬಹುಮಟ್ಟಿಗೆ ಶುದ್ಧವಾದ ಹೆರಿಂಗ್. ಹೆರಿಂಗ್ ಎಂದರೆ ನಮ್ಮ ಬೂತಾಯಿಯ ಕುಟುಂಬದ ಮೀನು. ಬಾಲ್ಟಿಕ್ ಮೀನು ತಿಂದವುಗಳ ರಕ್ತದಲ್ಲಿ ವೈರಸ್ ತಗುಲಿದ ಕೋಶಗಳನ್ನು ಮೊದಲಿಗೆ ಹುಡುಕಿ ಕೊಲ್ಲುವ ಬಿಳಿ ರಕ್ತಕಣಗಳ ಕಸುವು ಕುಂದಿತ್ತು. ಮಲಿನ ಮೀನು ತಿಂದ ಸೀಲ್‌ಗಳ ರಕ್ತದಲ್ಲಿ ಎ ಜೀವಸತ್ವವೂ ಥೈರಾಯ್ಡ್ ಹಾರ್ಮೋನೂ ಕಡಿಮೆಯಾಗುತ್ತವೆಂದು ಇನ್ನೊಂದು ಪ್ರಯೋಗ ತೋರಿಸಿತ್ತು. ಚಯಾಪಚಯವೂ ರೋಗನಿರೋಧಕ ಶಕ್ತಿಯೂ ಒಂದೇ ಮನೆಯ ಎರಡು ಕೋಣೆಗಳು. ಒಂದರ ಗೋಡೆ ನೆನೆದರೆ ಇನ್ನೊಂದಕ್ಕೂ ತೇವ ಇಳಿಯುತ್ತದೆ. ವೈರಸ್ ಬಂದಾಗ ರಕ್ಷಕ ಕೋಶಗಳು ಬಹುಬೇಗ ಸಂಖ್ಯೆಯಲ್ಲಿ ಹೆಚ್ಚಬೇಕು. ಅದಕ್ಕೆ ಬೇಕಾದ ಶಕ್ತಿ, ಜೀವಸತ್ವ, ಹಾರ್ಮೋನುಗಳನ್ನು ಯಕೃತ್ತು ಮತ್ತು ಗ್ರಂಥಿಗಳು ಸರಿಯಾಗಿ ಒದಗಿಸದಿದ್ದರೆ ಸೇನೆ ಹೊರಡುವುದೇ ತಡವಾಗುತ್ತದೆ.

ನಮ್ಮ ಅಂಗಳಕ್ಕೆ

ಎಂಡೋಸಲ್ಫಾನ್ ಕೂಡ ಕ್ಲೋರಿನ್‌ಯುಕ್ತ ಕೀಟನಾಶಕವೇ. ಕಾರ್ಸನ್ ತಮ್ಮ ಪುಸ್ತಕದಲ್ಲಿ ಎಚ್ಚರಿಸಿದ ಆಲ್ಡ್ರಿನ್, ಡೈಯೆಲ್ಡ್ರಿನ್‌ಗಳ ಬಳಗಕ್ಕೆ ಸೇರಿದ್ದು. 1970ರ ದಶಕದ ಕೊನೆಯಿಂದ 2000ದವರೆಗೆ ಕಾಸರಗೋಡಿನ ಗೇರುತೋಟಗಳ ಮೇಲೆ ಅದು ಆಕಾಶದಿಂದ ಬಿತ್ತು. ಇಲ್ಲೇನೋ ಸರಿಯಿಲ್ಲವೆಂದು ಮೊದಲಿಗೆ ಬರೆದವರಲ್ಲಿ ಒಬ್ಬರು ನಮ್ಮದೇ ಊರಿನ ಕೃಷಿ ಪತ್ರಕರ್ತ ಶ್ರೀಪಡ್ರೆ. ತನ್ನ ಬಳಿಗೆ ಬರುತ್ತಿದ್ದವರ ಕಾಯಿಲೆಗಳನ್ನು ಗಮನಿಸಿ ಲೋಕದ ಗಮನಕ್ಕೆ ತಂದವರು ವಾಣಿನಗರದ ವೈದ್ಯ ವೈ.ಎಸ್. ಮೋಹನ್ ಕುಮಾರ್. 2011ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ಕೈಬಿಡಲು ತೀರ್ಮಾನಿಸಿದವು. ಅದೇ ವರ್ಷ ಮೇ 13ರಂದು ನಮ್ಮ ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ತಡೆಯಿತು.

ಹಾಗೆಂದು ಊರಿನಲ್ಲಿ ಬರುವ ಪ್ರತಿ ಜ್ವರಕ್ಕೂ ಮದ್ದಿನ ಕಡೆಗೆ ಬೆರಳು ತೋರಿಸುವುದು ಕಾರ್ಸನ್ ಕಲಿಸಿದ ದಾರಿಯಲ್ಲ. ವೈರಸ್ಸನ್ನು ತಡೆಯಲು ಲಸಿಕೆ, ಕುದಿಸಿದ ನೀರು, ವೈದ್ಯರ ಸಲಹೆಗಳಿಗೆ ಬದಲಿಯಿಲ್ಲ; ಜ್ವರ ಬಂದ ಮಕ್ಕಳಿಗೆ ವೈದ್ಯರು ಹೇಳದೆ ಆಸ್ಪಿರಿನ್ ಕೊಡಲೇಬಾರದು. ಅದರ ಜೊತೆಗೆ ನಾವು ಮಾಡಬಹುದಾದದ್ದೂ ಇದೆ. ಸೊಲ್ಲಾಪುರದ ದಾಳಿಂಬೆಯಿರಲಿ, ಆದೋನಿಯ ಹತ್ತಿಯಿರಲಿ, ತಾಳವಾಡಿಯ ತರಕಾರಿಯಿರಲಿ, ವಯನಾಡಿನ ಶುಂಠಿಯಿರಲಿ, ಗಡಿನಾಡಿನ ಬಹುತೇಕ ಮನೆಗಳು ಹೊಲ ತೋಟಗಳ ನಡುವೆಯೇ ಇವೆ. ಮದ್ದು ಹೊಡೆಯುವ ದಿನ ಮಕ್ಕಳನ್ನು ದೂರವಿಡುವುದು, ಖಾಲಿ ಡಬ್ಬಿಯನ್ನು ಮನೆಬಳಕೆಗೆ ತಾರದಿರುವುದು, ಸಿಂಪಡಿಸಿ ಬಂದವರು ಬಟ್ಟೆಯನ್ನು ಬೇರೆಯಾಗಿ ಒಗೆಯುವುದು, ಬಾವಿಯ ಬಳಿ ಮದ್ದು ಕಲಸದಿರುವುದು ಯಾರಿಗೂ ಸಾಧ್ಯ.

ಇನ್ನೊಂದು ಕೆಲಸ ಮಕ್ಕಳದು. ತೋಟದಲ್ಲಿ ಯಾವ ಹಕ್ಕಿ ಕೂಗುತ್ತದೆ, ತೋಡಿನಲ್ಲಿ ಯಾವ ಮೀನಿದೆ, ಯಾವ ವರ್ಷ ಯಾವುದು ಕಾಣದಾಯಿತು ಎಂದು ಕನ್ನಡದಲ್ಲೇ ಒಂದು ಪುಸ್ತಕದಲ್ಲಿ ಬರೆದಿಡುವುದು. ಸ್ಪ್ರಿಂಗ್‌ಡೇಲಿನ ಬಾಲಕಿಗೆ ತಾಯಿ ಹೇಳಿಕೊಟ್ಟ ಮೊದಲ ಪಾಠ ಇದೇ ಆಗಿತ್ತು. ಪಡ್ರೆಯಲ್ಲಿಯೂ ಸತ್ಯ ಹೊರಬಿದ್ದದ್ದು ಊರಿನವರೇ ಕಣ್ಣಿಟ್ಟು ನೋಡಿ, ಕಂಡದ್ದನ್ನು ಬರೆದದ್ದರಿಂದ.